ಒಳಮನೆಯಲ್ಲಿ ನನ್ನ ದನಿ

ನಾನು ಹಿಂದೂಪುರದಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿಗೆ ಹೊಸ ಇಂಗ್ಲಿಷ್ ಮೇಡಂ ಬಂದರು. ವಾರಕ್ಕೆ ಮೂರು ಪೀರಿಯಡ್ಡು ‘ಕಮ್ಯುನಿಕೇಶನ್ ಸ್ಕಿಲ್ಸ್’ ಅವರ ಪಾಲಿಗೆ ಬಂತು. ಅದುವರೆಗೆ ಆ ಪಾಠವೆಂದರೆ ನಮ್ಮನ್ನು ನಾವೇ ಪರಿಚಯ ಮಾಡಿಕೊಳ್ಳುವ ಐದು ವಾಕ್ಯಗಳನ್ನು ಉರು ಹೊಡೆಯುವುದು, ಇಲ್ಲದ ಮ್ಯಾನೇಜರಿಗೆ ರಜೆ ಅರ್ಜಿ ಬರೆಯುವುದು, ಅಷ್ಟೇ ಆಗಿತ್ತು. ಹೊಸ ಮೇಡಂ ಅದನ್ನೆಲ್ಲ ಪಕ್ಕಕ್ಕಿಟ್ಟರು. ಈ ಸಲ ಇಡೀ ಕ್ಲಾಸು ಒಂದೇ ಪುಸ್ತಕ ಓದಬೇಕು, ಕೂತು ಚರ್ಚಿಸಬೇಕು; ಆಮೇಲೆ ಒಬ್ಬೊಬ್ಬರೂ ಓದು ಬರದ ಅಥವಾ ಓದಲಾಗದ ಒಬ್ಬರನ್ನು ಹುಡುಕಿಕೊಂಡು ಹೋಗಿ, ಅದೇ ಪುಸ್ತಕವನ್ನು ಅವರ ಮಾತಿನಲ್ಲಿ ಹತ್ತು ಗಂಟೆ ಓದಿ ಹೇಳಬೇಕು ಎಂದರು.

“ಇದನ್ನ ಸಮಾಜಸೇವೆ ಅಂತ ಕಾಗದದಲ್ಲಿ ಬರೀತೀವಿ. ಆದ್ರೆ ನೀವು ಯಾರಿಗೂ ಉಪಕಾರ ಮಾಡೋಕೆ ಹೋಗ್ತಾ ಇಲ್ಲ. ನಿಮ್ಮ ಮಾತು ಇನ್ನೊಬ್ಬರ ಕಿವಿಯಲ್ಲಿ ಏನಾಗುತ್ತೆ ಅಂತ ನೋಡೋಕೆ ಹೋಗ್ತಾ ಇದೀರಿ,” ಎಂದು ಅರ್ಧ ತೆಲುಗು, ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಆಗ ಅದು ಬರೀ ಮಾತು ಅನ್ನಿಸಿತ್ತು.

ಪುಸ್ತಕ ಸಣ್ಣದು, ಇಂಗ್ಲಿಷಿನದು. ಎಲ್ಲರಿಗೂ ಝೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿ ಕೊಟ್ಟರು. ಮಂಜು ಮುಸುಕುವ ಯಾವುದೋ ದೇಶದ ಹೊಳೆ; ಅಲ್ಲಿ ದೋಣಿ ದಾಟಿಸುವ ಒಬ್ಬ ಹೆಂಗಸು. ಆಚೆ ದಡದಲ್ಲಿ ಒಂದು ಗಂಟೆ ಕಟ್ಟಿದೆ. ದಾಟಬೇಕಾದವರು ಅದನ್ನು ಬಾರಿಸಿದರೆ ಈಕೆ ದೋಣಿ ಒಯ್ಯುತ್ತಾಳೆ. ಒಂದು ದಿನ ಗಂಟೆ ಕೇಳಿ ಹೋದರೆ ಆಚೆ ಯಾರೂ ಇರುವುದಿಲ್ಲ. ಮಾರನೇ ದಿನವೂ ಹಾಗೇ. ಕಲ್ಯಾಣದುರ್ಗದ ಕಡೆಯವಳಾದ ನನಗೆ ಹೊಳೆ ಅಂದರೆ ಮರಳು. ದೋಣಿಯನ್ನು ನಾನು ನೋಡಿದ್ದು ಸಿನಿಮಾದಲ್ಲಿ ಮಾತ್ರ. ಆದರೂ ಆ ಕಥೆ ಹಿಡಿಸಿತು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ನಾನು ಊರಿಗೆ ಹೋಗುತ್ತಿದ್ದೆ. ಆ ವಾರ ರೊದ್ದಂ ದಾಟುವವರೆಗೂ ಯಾರಿಗೆ ಓದಲಿ ಎಂದೇ ಯೋಚಿಸಿದೆ. ಮನೆಗೆ ಹೋಗಿ ಕೇಳಿದರೆ ಅಮ್ಮ ತಕ್ಷಣ ಹೇಳಿದಳು: “ಬಸ್ ಸ್ಟ್ಯಾಂಡಾಗೆ ಮೈಕಲ್ಲಿ ಕೂಗೋಳು ಇದ್ಲಲ್ಲ, ಆವಮ್ಮಂಗೆ ಓದು. ಮಾತು ಬಿದ್ದೋಗಿ ಒಂದು ವರ್ಷ ಆಯ್ತು. ಬಾಯಿಲ್ದೆ ಕುಂತವ್ಳೆ ಪಾಪ.”

ಆಕೆ ಯಾರೆಂದು ಊರಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬಂತು, ಯಾವುದು ಹೊರಡುತ್ತಿದೆ ಎಂದು ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಕೂಗುತ್ತಿದ್ದವಳು. ಗಟ್ಟಿ ದನಿ, ಸ್ವಲ್ಪ ಗಂಡಸಿನದರಂತೆ. ನಾನು ಹುಟ್ಟಿದಾಗಿನಿಂದ ಕೇಳಿದ ದನಿ ಅದು. ಮುಖ ನೋಡಿದ್ದು ಮಾತ್ರ ಕಡಿಮೆ. ಐವತ್ತರ ಹತ್ತಿರದ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಮೈಕಿನ ಮುಂದೆಯೇ ಸ್ಟ್ರೋಕ್ ಹೊಡೆದು ಬಲಗೈ, ಮುಖದ ಬಲಭಾಗ, ಮಾತು ಮೂರೂ ಹೋದವು. ಕೈಗೆ ಅರ್ಧ ಸ್ವಾಧೀನ ಮರಳಿತು. ಮಾತು ಬರಲಿಲ್ಲ. ಮದುವೆಯಾಗದ ಆಕೆ ತನ್ನ ತಂಗಿಯ ಜೊತೆ ಇದ್ದಳು; ನಾನೂ ಆಕೆಯನ್ನು ಅಕ್ಕ ಎಂದೇ ಕರೆದೆ. ತಂಗಿ ಬ್ಲೌಸ್ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಅವಳ ಮಷೀನು, ಹಿಂದೆ ಒಳಮನೆ, ಒಳಮನೆಗೆ ಹಿತ್ತಲಿಂದ ಇನ್ನೊಂದು ಬಾಗಿಲು. ನಮ್ಮ ಬೀದಿಯಿಂದ ಹೋದರೆ ಆ ಹಿತ್ತಲ ಬಾಗಿಲೇ ಹತ್ತಿರ. ನಾನು ಯಾವಾಗಲೂ ಅಲ್ಲಿಂದಲೇ ಹೋಗುತ್ತಿದ್ದೆ.

ಮೊದಲ ಭಾನುವಾರ ಅಕ್ಕ ಒಳಮನೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನಾನು ಬಂದ ಕಾರಣ ಹೇಳಿದೆ. ಆಕೆ ನನ್ನ ಬಾಯನ್ನೇ ನೋಡಿದಳು, ಕಣ್ಣನ್ನಲ್ಲ. ನನಗೆ ಓದುವ ಒಂದು ಕ್ರಮವಿತ್ತು: ಮೊದಲು ಇಂಗ್ಲಿಷ್ ಸಾಲನ್ನು ತುಟಿಯಲ್ಲೇ ಗುನುಗುವುದು, ಆಮೇಲೆ ನಮ್ಮ ಮಾತಿಗೆ ತಿರುಗಿಸಿ ಹೇಳುವುದು. ತಕ್ಷಣ ಮಾತು ಸಿಗದಾಗ “ಅಂದ್ರೆ… ಅದೇ…” ಎಂದು ತಡವರಿಸುತ್ತಿದ್ದೆ. ಕ್ಲಾಸಿನಲ್ಲಿ ಎಲ್ಲರೂ ಇದನ್ನು ಆಡಿಕೊಳ್ಳುತ್ತಿದ್ದರು. ಒಂದು ಗಂಟೆ ಓದಿದೆ. ಅಕ್ಕನ ತುಟಿ ನನ್ನ ತುಟಿಯ ಜೊತೆಗೇ ಸ್ವಲ್ಪ ಅಲ್ಲಾಡುತ್ತಿತ್ತು. ಆಕೆಗೆ ಕಥೆ ಹಿಡಿಸಿದೆ ಎಂದು ನನಗೆ ಖುಷಿಯಾಯಿತು.

ಮೂರನೇ ವಾರ ಹೋದಾಗ ತಂಗಿ ಹಿತ್ತಲಿಗೇ ಓಡಿಬಂದು ನನ್ನ ಎರಡೂ ಕೈ ಹಿಡಿದಳು. “ಮಾತು ಬಂದ್ಬುಡ್ತು ಕಣಮ್ಮ! ಗುರುವಾರ ಹಾಲಿನೋಳು ಬಂದಾಗ ಮಾತಾಡಿದ್ಲು!”

“ಏನಂದ್ರು?”

“‘ಇವತ್ತು ನೀರು ಜಾಸ್ತಿ ಐತೆ, ನೀನು ನಾಳೆ ಬಾ’ ಅಂದ್ಲು. ಹಾಲಿನೋಳು ತನ್ನ ಹಾಲಿಗೆ ಅಂದ್ಲು ಅಂತ ಬೇಜಾರು ಮಾಡ್ಕೊಂಡೋದ್ಲು.”

ಅವಳು ನಕ್ಕಳು, ನಾನೂ ನಕ್ಕೆ. ಆ ಮಾತು ಪುಸ್ತಕದ್ದು. ಹೊಳೆ ತುಂಬಿದ ದಿನ ದೋಣಿಯವಳು ಪ್ರಯಾಣಿಕರಿಗೆ ಹೇಳುವುದು. ಒಳಗೆ ಹೋಗಿ ಅಕ್ಕನ ಪಕ್ಕ ಕೂತು, “ಚೆನ್ನಾಗಿದೀರಾ?” ಎಂದೆ. ಆಕೆ ಒಂದು ಉಸಿರು ಎಳೆದುಕೊಂಡಳು. ನಾನು ಓದು ಶುರು ಮಾಡುವ ಮುಂಚೆ ಎಳೆದುಕೊಳ್ಳುವ ಹಾಗೆಯೇ. ಆಮೇಲೆ ಹೇಳಿದಳು:

“ಅಂದ್ರೆ… ಅದೇ… ಆಚೆ ದಡದಿಂದ ಯಾರೋ ಕರೀತಾ ಅವ್ರೆ.”

ಅದು ಆಕೆಯ ದನಿಯಲ್ಲ. ಬಸ್ ಸ್ಟ್ಯಾಂಡಿನ ಆ ಗಟ್ಟಿ ದನಿ ಅಲ್ಲವೇ ಅಲ್ಲ. ತೆಳ್ಳಗೆ, ಮೂಗಿನಿಂದ ಬಂದ ಹಾಗೆ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆಯುವ ದನಿ. ಲ್ಯಾಬಿನಲ್ಲಿ ಮೇಡಂ ನಮ್ಮ ಮಾತು ಕ್ಯಾಸೆಟ್ಟಿಗೆ ಹಿಡಿದು ಕೇಳಿಸಿದಾಗ ಇದು ನನ್ನದಾ ಎಂದು ನಾನೇ ನಾಚಿಕೊಂಡಿದ್ದ ದನಿ.  ಹೊರಗೆ ಮಟಮಟ ಮಧ್ಯಾಹ್ನ. ಹಿತ್ತಲ ಬಾಗಿಲಿಂದ ಬಿಸಿಲು ಮಂಚದ ಕಾಲಿನವರೆಗೂ ಬಂದಿತ್ತು. ಹೆದರಲು ಅಲ್ಲಿ ಏನೂ ಇರಲಿಲ್ಲ. ಮುಂದಿನ ಕೋಣೆಯಲ್ಲಿ ತಂಗಿ ಮಷೀನು ತುಳಿಯುತ್ತಾ, “ಕೇಳುದ್ಯಾ? ಎಷ್ಟು ಚೆಂದಾಗಿ ಮಾತಾಡ್ತಾಳೆ!” ಎಂದು ಕೂಗಿದಳು.

ನನ್ನ ನೋಟ್‌ಬುಕ್ಕಿನಲ್ಲಿ ಆ ದಿನ ಬರೆದದ್ದು ಇಷ್ಟೇ: ಕೇಳುಗರಿಗೆ ಮಾತು ಮರಳುತ್ತಿದೆ. ಕ್ಲಾಸಿನಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ರೇಷ್ಮೆ ಬಿಚ್ಚುವ ಹೆಂಗಸರಿಗೆ ಓದುತ್ತಿದ್ದ ಗೆಳತಿಯೊಬ್ಬಳು, “ನಮ್ಮೋರು ಕೇಳ್ತಾ ಕೇಳ್ತಾ ತೂಕಡಿಸ್ತಾರೆ ಕಣೆ, ನೀನೇ ಅದೃಷ್ಟವಂತೆ,” ಎಂದಳು. ನಾನು ದನಿಯ ವಿಷಯ ಹೇಳಲಿಲ್ಲ.

ಆಮೇಲಿನ ವಾರಗಳಲ್ಲಿ ಅಕ್ಕ ಪುಸ್ತಕದ ಮಾತುಗಳಲ್ಲೇ ಬದುಕತೊಡಗಿದಳು. ಹಸಿವಾದರೆ “ದೋಣಿ ಖಾಲಿ ಐತೆ” ಎನ್ನುವಳು. ಯಾರಾದರೂ ಬಾಗಿಲಿಗೆ ಬಂದರೆ “ಗಂಟೆ ಬಾರ್ಸಿದ್ದು ನೀನಾ?” ಎನ್ನುವಳು. ಎಲ್ಲವೂ ಹೊಂದುತ್ತಿತ್ತು. ಅದೇ ನನಗೆ ಅಂಜಿಕೆ. ಬರೀ ಗಿಣಿಪಾಠವಾಗಿದ್ದರೆ ಹೊಂದುತ್ತಿರಲಿಲ್ಲ. ನನ್ನ ತಡವರಿಕೆ, ನನ್ನ ಕೆಮ್ಮು, ಒಂದು ಸಲ ನಾನು ಪುಟ ತಿರುಗಿಸುವಾಗ ಸುಮ್ಮನಾದ ಅಷ್ಟು ಹೊತ್ತಿನ ಮೌನ, ಎಲ್ಲವನ್ನೂ ಆಕೆ ಇಟ್ಟುಕೊಂಡಿದ್ದಳು. ಬೀದಿಯವರು ಹಿತ್ತಲ ಕಡೆ ಹಾಯುವಾಗ “ಏನಮ್ಮ, ವಾರದ ಮಧ್ಯದಾಗೂ ಬಂದಿದೀಯಾ?” ಎಂದು ಒಳಮನೆಯ ಕಡೆಗೆ ಕೂಗಿ ಹೋಗುತ್ತಿದ್ದರಂತೆ. ಅಮ್ಮನನ್ನೂ ಒಬ್ಬರು ಕೇಳಿದ್ದರು, ಮಗಳಿಗೆ ಕಾಲೇಜು ರಜವಾ ಎಂದು.

ಐದನೇ ವಾರ ಒಂದು ಪುಟ ಎದುರಾಯಿತು. ದೋಣಿಯವಳಿಗೆ ಒಬ್ಬಳು ತಂಗಿ ಇದ್ದಳು, ಹಿಂದೆ ಒಂದು ದಿನ ಒಬ್ಬಳೇ ದೋಣಿ ಒಯ್ದವಳು ತಿರುಗಿ ಬರಲಿಲ್ಲ ಎಂದು ಆ ಪುಟದಲ್ಲಿ ಗೊತ್ತಾಗುತ್ತದೆ. ಈಗ ದೋಣಿಯವಳು ನಡುಹೊಳೆಗೆ ಹೋಗಿ ಹುಟ್ಟು ನಿಲ್ಲಿಸಿ ಒಂದು ಮಾತು ಹೇಳುತ್ತಾಳೆ. ನಾನು ಇಂಗ್ಲಿಷ್ ಸಾಲನ್ನು ಎಂದಿನಂತೆ ತುಟಿಯಲ್ಲಿ ಗುನುಗಿದೆ. ಕನ್ನಡಕ್ಕೆ ತಿರುಗಿಸಲು ಬಾಯಿ ಬರಲಿಲ್ಲ. ಮುಂದಿನ ಕೋಣೆಯಲ್ಲಿ ನಿಜವಾದ ತಂಗಿ ಮಷೀನು ತುಳಿಯುತ್ತಿದ್ದಳು. ಎರಡು ಪುಟ ಬಿಟ್ಟು, ಮಂಜು ಸರಿದು ಬಿಸಿಲು ಬರುವ ಕಡೆಯಿಂದ ಓದಿದೆ. ಅಕ್ಕ ನನ್ನ ಕೈಯನ್ನು, ಪುಟಗಳು ಒಟ್ಟಿಗೆ ಮಗುಚಿದ ಜಾಗವನ್ನು, ನೋಡಿದಳು. 

ಅದರ ಮುಂದಿನ ವಾರ ಟೆಸ್ಟು ಇದ್ದದ್ದರಿಂದ ಊರಿಗೆ ಹೋಗಲಾಗುವುದಿಲ್ಲ ಎಂದು ತಿಳಿಸಬೇಕಿತ್ತು. ಮಂಗಳವಾರ ಮಧ್ಯಾಹ್ನ ಕಾಲೇಜಿನ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ, ಅವರ ಪಕ್ಕದ ಅಂಗಡಿಗೆ ಫೋನ್ ಮಾಡಿ ತಂಗಿಯನ್ನು ಕರೆಸಿದೆ. ಗಾಜಿನ ಗೂಡಿನಲ್ಲಿ ಗಾಳಿ ಇರಲಿಲ್ಲ. ಬೆವರುತ್ತಾ ಕಾದೆ. ತಂಗಿ ಬಂದು “ಯಾರು?” ಎಂದಳು.

“ನಾನು ಕಣಕ್ಕ. ಈ ವಾರ ಬರಾಕಾಗಲ್ಲ, ಅದನ್ನ ಹೇಳಾಣ ಅಂತ…”

ಅತ್ತ ರಿಸೀವರು ಒಂದು ಕಿವಿಯಿಂದ ಇನ್ನೊಂದಕ್ಕೆ ಹೋದ ಸದ್ದು ಕೇಳಿತು.

“ಯಾರಮ್ಮ ನೀನು?” ಎಂದಳು ಮತ್ತೆ.

ನಾನು ನನ್ನ ಅಮ್ಮನ ಹೆಸರು ಹೇಳಿದೆ, ಓದಕ್ಕೆ ಬರೋಳು ಎಂದೆ, ಹಿಂದೂಪುರದಿಂದ ಮಾತಾಡುತ್ತಿದ್ದೇನೆ ಎಂದೆ.

“ನೀನು ಒಳಗೆ ಓದ್ತಾ ಇದೀಯಲ್ಲಮ್ಮ,” ಎಂದಳು ತಂಗಿ. ದನಿ ಸಣ್ಣಗಾಗಿತ್ತು. “ಒಂದು ಗಂಟೆಯಿಂದ ಓದ್ತಾ ಇದೀಯ. ಹಿತ್ಲಿಂದ ಬಂದ್ಯೇನೋ ಅಂದ್ಕೊಂಡೆ. ಕಾಫಿಗೆ ಇಟ್ಟು ಬಂದಿವ್ನಿ.”

ಆಮೇಲೆ ರಿಸೀವರನ್ನು ಅಂಗಡಿಯ ಹಲಗೆಯ ಮೇಲೆ ಇಟ್ಟ ಸದ್ದು. ಚಪ್ಪಲಿಯ ಸದ್ದು ದೂರವಾಯಿತು. ನಾನು ಕಿವಿಗೆ ಹಿಡಿದುಕೊಂಡೇ ನಿಂತೆ. ಅಂಗಡಿಯಲ್ಲಿ ಯಾರೋ ಸೋಪು ಕೇಳಿದರು. ಜೀಪೊಂದು ಹಾರನ್ ಹೊಡೆಯಿತು. ಅದರ ಆಚೆಗೆ ಇನ್ನೇನಾದರೂ ಕೇಳಿಸೀತೆಂದು ಉಸಿರು ಹಿಡಿದೆ. ಗಾಜಿನಲ್ಲಿ ನನ್ನದೇ ಮುಖ, ಬಾಯಿ ಮುಚ್ಚಿದ ಮುಖ, ಕಾಣುತ್ತಿತ್ತು. ತಂಗಿ ಫೋನಿಗೆ ವಾಪಸ್ಸು ಬರಲಿಲ್ಲ. ಅಂಗಡಿಯವನು ಬಂದು ಲೈನು ಕಟ್ ಮಾಡಿದ.

ಟೆಸ್ಟು ಹೇಗೆ ಬರೆದೆನೋ ಗೊತ್ತಿಲ್ಲ. ಬರುವುದಿಲ್ಲ ಎಂದವಳು ಶನಿವಾರ ಟೆಸ್ಟು ಮುಗಿದ ಕೂಡಲೇ ಬಸ್ಸು ಹತ್ತಿದೆ. ಮಾರನೇ ದಿನ ಹಿತ್ತಲಿನಿಂದ ಹೋಗಲು ಧೈರ್ಯವಾಗದೆ ಮುಂದಿನ ಬಾಗಿಲಿಗೇ ಹೋದೆ. ತಂಗಿ ಹೊಲಿಗೆ ಬಿಟ್ಟು ಸುಮ್ಮನೆ ಕೂತಿದ್ದಳು. ಮೊದಲಿನ ಖುಷಿ ಮುಖದಲ್ಲಿ ಇರಲಿಲ್ಲ.

“ಅವತ್ತು ಒಳಕ್ಕೋಗಿ ನೋಡಿದ್ರೆ ಅವ್ಳು ಒಬ್ಳೇ,” ಎಂದಳು. “ಸೀರೆ ನೆರಿಗೆನ ತೊಡೆ ಮೇಲೆ ಮಡಿಸ್ಕೊಂಡು, ಒಂದೊಂದೇ ಪುಟ ತಿರುಗ್ಸ್ದಂಗೆ ತಿರುಗಿಸ್ತಾ ಅವ್ಳೆ. ನಿನ್ನ ದನಿನಾಗೆ ಓದ್ತಾ ಅವ್ಳೆ. ನಾನು ಬಾಗ್ಲಾಗೆ ನಿಂತ್ಕಂಡೆ. ನನ್ನ ಮುಖ ನೋಡ್ಕಂಡು ಒಂದು ಮಾತಂದ್ಲು.”

“ಏನಂದ್ರು?”

ತಂಗಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. “‘ನನ್ನ ತಂಗಿ ನೀರಿನ ಕೆಳಗವ್ಳೆ. ಅವ್ಳಿಗೆ ಚಳಿ ಆಗಾಕಿಲ್ಲ’ ಅಂದ್ಲು. ನಿನ್ನ ಪುಸ್ತಕದಾಗೆ ಐತಾ ಅದು?”

ನಾನು ಬಿಟ್ಟಿದ್ದ ಸಾಲೇ ಅದು. ಒಂದು ಮಾತೂ ಹೆಚ್ಚುಕಡಿಮೆ ಇಲ್ಲದೆ, ನಾನು ತಿರುಗಿಸಿ ಹೇಳಿದ್ದರೆ ಹೇಗೆ ಹೇಳುತ್ತಿದ್ದೆನೋ ಹಾಗೆ. ಪುಸ್ತಕ ಆ ಮಂಗಳವಾರ ಹಿಂದೂಪುರದಲ್ಲಿ ನನ್ನ ಹಾಸ್ಟೆಲ್ ಟ್ರಂಕಿನಲ್ಲಿತ್ತು. ಅಕ್ಕನಿಗೆ ಇಂಗ್ಲಿಷ್ ಅಂದರೆ ಬಸ್ಸಿನ ಬೋರ್ಡು ಓದುವಷ್ಟು.

“ಇಲ್ಲ,” ಎಂದುಬಿಟ್ಟೆ.

ತಂಗಿಯ ಮುಖ ಬಿಳಿಚಿಕೊಂಡಿತು. ಇದೆ ಎಂದಿದ್ದರೆ ಅವಳಿಗೆ ಅದು ಕಥೆಯ ಮಾತಾಗುತ್ತಿತ್ತು. ಇಲ್ಲ ಎಂದದ್ದರಿಂದ ಅದು ಅಕ್ಕ ತನಗೇ ಹೇಳಿದ ಮಾತಾಯಿತು. ಇದು ನನಗೆ ಹೊಳೆದದ್ದು ಬಸ್ಸಿನಲ್ಲಿ ವಾಪಸ್ಸು ಹೋಗುವಾಗ. ಆ ದಿನ ನಾನು ಒಳಮನೆಗೆ ಹೋಗಲೇ ಇಲ್ಲ. ತಲೆನೋವೆಂದು ಹೇಳಿ ಎದ್ದುಬಂದೆ.

ಸೋಮವಾರ ಸ್ಟಾಫ್ ರೂಮಿನಲ್ಲಿ ಮೇಡಂಗೆ ಎಲ್ಲವನ್ನೂ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಪುಟ ತೆಗೆಸಿ ನೋಡಿದರು, ಬಹಳ ಹೊತ್ತು ನೋಡಿದರು.

“ನೀವು ಇಂಗ್ಲಿಷನ್ನ ಮೊದಲು ಗುನುಗ್ತೀರಿ ಅಂದ್ರಲ್ಲ. ಈ ಸಾಲನ್ನ ಗುನುಗಿದ್ರಾ?”

“ಗುನುಗಿದೆ ಮೇಡಂ. ಆದ್ರೆ ಅವರಿಗೆ ಇಂಗ್ಲಿಷ್ ಬರಲ್ಲ.”

“ಇಪ್ಪತ್ತು ವರ್ಷ ಬಸ್ ಸ್ಟ್ಯಾಂಡಲ್ಲಿ ಕೂತಿದ್ದೋರಿಗೆ ಏನು ಬರುತ್ತೆ, ಏನು ಬರಲ್ಲ, ನಮಗೇನು ಗೊತ್ತು?” ಎಂದರು. ಆಮೇಲೆ ತಮಗೇ ಆ ಉತ್ತರ ಸಾಲದೆಂಬಂತೆ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಕೊನೆಗೆ, “ಅದು ಹೇಗಾಯ್ತು ಅಂತ ನಾನು ಹೇಳಲಾರೆ. ಆದ್ರೆ ಆ ಪುಟ ಬಿಟ್ಟಿದ್ದು ನೀವು. ಅವರಿಬ್ಬರನ್ನೂ ಕೇಳದೆ ಬಿಟ್ರಿ. ಹೋಗಿ ಕೇಳಿ,” ಎಂದರು. ತಾವೂ ಬರುತ್ತೇನೆಂದರು. ನಾನು ಬೇಡ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ.

ಮುಂದಿನ ಭಾನುವಾರ ತಂಗಿಗೆ ನಿಜ ಹೇಳಿದೆ. ಆ ಮಾತು ಪುಸ್ತಕದಲ್ಲಿದೆ, ನಾನೇ ಬಿಟ್ಟಿದ್ದೆ, ಆಮೇಲೆ ಸುಳ್ಳೂ ಹೇಳಿದೆ ಎಂದು. ಅವಳು ಬೈಯುತ್ತಾಳೆ ಅಂದುಕೊಂಡೆ.

“ಮುಂದಕ್ಕೇನಾಯ್ತದೆ ಅದ್ರಾಗೆ?” ಎಂದು ಕೇಳಿದಳು.

“ಓದಿದ್ರೆ ಗೊತ್ತಾಯ್ತದೆ. ಓದ್ಲಾ, ಬೇಡ್ವಾ, ನೀವು ಹೇಳಿ.”

“ಓದು ಕಣಮ್ಮ. ಹನ್ನೆರಡು ದಿವ್ಸದಿಂದ ನನ್ನ ನೀರಿನ ಕೆಳಗೇ ಇಟ್ಟವ್ಳೆ. ಮೇಲಕ್ಕೆ ತೆಗೀತೀಯೋ ಬಿಡ್ತೀಯೋ, ಪೂರ್ತಿ ಓದು.” ಹೇಳಿ, ಹೋಗಿ ಮಷೀನಿನ ಮುಂದೆ ಕೂತಳು. ಒಳಗೆ ಬರಲಿಲ್ಲ.

ಅಕ್ಕನ ಮುಂದೆ ಕೂತೆ. ಹಿತ್ತಲಲ್ಲಿ ಒಂದು ಕಾಗೆಯೂ ಕೂಗುತ್ತಿರಲಿಲ್ಲ. ನಾನು ಪುಸ್ತಕ ತೆಗೆದು ಉಸಿರು ಎಳೆದುಕೊಂಡೆ. ಆಕೆಯೂ ಅದೇ ಗಳಿಗೆಗೆ ಎಳೆದುಕೊಂಡಳು. ಗುನುಗುವುದನ್ನು ಬಿಟ್ಟು ನೇರ ನಮ್ಮ ಮಾತಿನಲ್ಲೇ ಶುರು ಮಾಡಿದೆ. ಎರಡನೇ ಸಾಲಿಗೆ ಆಕೆ ನನ್ನ ಜೊತೆಗೆ ಸೇರಿಕೊಂಡಳು. ನನ್ನ ಹಿಂದೆ ಅಲ್ಲ, ಜೊತೆಗೇ. ಒಂದು ಬಾಯಿ ನನ್ನದು, ಒಂದು ಆಕೆಯದು, ದನಿ ಒಂದೇ. ಒಮ್ಮೆ ನಾನು ಮಾತು ಸಿಗದೆ ನಿಂತಾಗ ದನಿ ನಿಲ್ಲಲಿಲ್ಲ. ನನಗೆ ಬೇಕಾಗಿದ್ದ ಮಾತನ್ನು ಹೇಳಿ, ನಾನು ಬಂದು ಸೇರಲೆಂದು ಕಾದಿತು. ನಾನು ಓದುತ್ತಿದ್ದೇನೋ ಓದಿಸಿಕೊಳ್ಳುತ್ತಿದ್ದೇನೋ ತಿಳಿಯಲಿಲ್ಲ. ಎದ್ದು ಓಡಬೇಕೆನಿಸಿತು. ಪುಟ ಮಾತ್ರ ಬಿಡಲಿಲ್ಲ.

ಮುಂದಿನ ಕೋಣೆಯಲ್ಲಿ ಮಷೀನು ಜೋರಾಗಿ ಓಡುತ್ತಿತ್ತು. ಬಟ್ಟೆ ಇರಲಿಲ್ಲ ಅದರ ಮೇಲೆ, ನನಗೆ ಕಾಣುತ್ತಿತ್ತು. ತಂಗಿ ಬರೀ ಗಾಲಿ ತುಳಿಯುತ್ತಿದ್ದಳು, ಕೇಳಿಸಬಾರದೆಂದು.

ನೀರಿನ ಕೆಳಗಿನ ಆ ಸಾಲು ಬಂತು, ಹೋಯಿತು. ಅದರ ಮುಂದೆ ದೋಣಿಯವಳು, ‘ಆ ದಿನ ನಾನು ಜ್ವರ ಎಂದು ಮಲಗಿದ್ದೆ, ನನ್ನ ಬದಲಿಗೆ ಹೋದವಳು ನನ್ನ ತಂಗಿ, ಗಂಟೆ ಕೇಳಿಸಿಯೂ ನಾನು ಏಳಲಿಲ್ಲ’ ಎಂದು ಹೇಳಿಕೊಳ್ಳುತ್ತಾಳೆ. ಅಲ್ಲಿಗೆ ಬಂದಾಗ ನನ್ನ ಜೊತೆಗಿದ್ದ ದನಿ ನಿಂತಿತು. ನಾನೊಬ್ಬಳೇ ಓದುತ್ತಿದ್ದೆ. ತಲೆಯೆತ್ತಿ ನೋಡಿದರೆ ಅಕ್ಕನ ಮುಖದ ಬಲಭಾಗ, ಒಂದು ವರ್ಷದಿಂದ ಅಲುಗದಿದ್ದ ಭಾಗ, ನಡುಗುತ್ತಿತ್ತು. ಆಕೆ ಮುಂದಿನ ಕೋಣೆಯ ಕಡೆ ಕತ್ತು ತಿರುಗಿಸಿ ಕೂಗಿದಳು:

“ಮಷೀನು ನಿಲ್ಸೇ! ಕೇಳ್ಸಾಕಿಲ್ಲ!”

ಮನೆಯೇ ಅದುರುವಂಥ ದನಿ. ಗಟ್ಟಿ, ಒರಟು, ಆಕೆಯದೇ. ಮಷೀನು ನಿಂತಿತು. ತಂಗಿ ಬಾಗಿಲಿಗೆ ಬಂದು, ಅಲ್ಲೇ ಹೊಸ್ತಿಲ ಮೇಲೆ ಕುಸಿದು ಅತ್ತಳು. ಅಕ್ಕ ಅವಳನ್ನು ನೋಡಿ, ನಾಲಿಗೆ ಹೊರಳಿಸಲು ಒದ್ದಾಡಿ, “ಬಾ” ಎಂದಳು. ಸ್ವಲ್ಪ ಹೊತ್ತಾದ ಮೇಲೆ “ಕೂತ್ಕೋ” ಎಂದಳು. ಅಷ್ಟಕ್ಕೇ ಸುಸ್ತಾಗಿ ಕಣ್ಣು ಮುಚ್ಚಿದಳು. ಅಕ್ಕ ಬಿದ್ದ ಬೆಳಿಗ್ಗೆ ತಾನು ಮನೆಯಲ್ಲಿ ಇರಲಿಲ್ಲ, ಜಗಳವಾಡಿ ಎರಡು ದಿನದ ಹಿಂದೆಯೇ ಗೆಳತಿಯ ಊರಿಗೆ ಹೋಗಿದ್ದೆ ಎಂದು ತಂಗಿ ಆಗ ಹೇಳಿದಳು. ಯಾರಿಗೂ ಹೇಳಿರಲಿಲ್ಲವಂತೆ. ಅದನ್ನು ಅವಳು ನನಗೆ ಹೇಳಿದಳೋ ಅಕ್ಕನಿಗೋ, ನಾನು ಕೇಳಲಿಲ್ಲ.

ಆ ದಿನದಿಂದ ಅಕ್ಕ ಪುಸ್ತಕದ ಒಂದು ಮಾತನ್ನೂ ಆಡಲಿಲ್ಲ. ಬಾ, ಹೋಗು, ನೀರು, ಸಾಕು, ಬಿಸಿಲು, ತಂಗಿಯನ್ನು ಕರೆಯುವ ಮುದ್ದಿನ ಮಾತು, ಎರಡು ಬೈಗುಳ, ಹೀಗೆ ಇಪ್ಪತ್ತೋ ಮೂವತ್ತೋ ಪದ ಒಂದೊಂದಾಗಿ ಬಂದವು. ನಿರರ್ಗಳವಾಗಿ ನನ್ನ ದನಿಯಲ್ಲಿ ಮಾತಾಡುತ್ತಿದ್ದವಳು ಈಗ ಒಂದು ಮಾತಿಗೆ ಬೆವರುತ್ತಿದ್ದಳು. ಬೀದಿಯವರಿಗೆ ಇದು ಹಿಂದಕ್ಕೆ ಹೋದಂತೆ ಕಂಡಿತು. ತಂಗಿಗೆ ಹಾಗೆ ಕಾಣಲಿಲ್ಲ. ಪುಸ್ತಕದ ಕೊನೆಯ ಭಾಗವನ್ನು ಓದಲೆಂದು ತೆಗೆದಾಗ ಅಕ್ಕ ಎಡಗೈಯಿಂದ ಅದನ್ನು ಮುಚ್ಚಿ, “ಸಾಕು” ಎಂದಳು. ನನ್ನ ಲೆಕ್ಕ ಏಳೂವರೆ ಗಂಟೆಗೆ ನಿಂತಿತು. ಮೇಡಂ ತಕರಾರು ಮಾಡದೆ ಸಹಿ ಹಾಕಿದರು.

ಕ್ಲಾಸಿನ ಮುಂದೆ ನಿಂತು ಇದನ್ನೆಲ್ಲ ಹೇಳಬೇಕಾಗಿ ಬಂದಾಗ ಹೇಳಿದೆ. ಆ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ರೇಷ್ಮೆಯ ಗೆಳತಿ ಆಮೇಲೆ ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ, “ಆ ಪುಟ ಅವ್ಳಿಗೆ ಹೆಂಗೆ ಗೊತ್ತಾಯ್ತೇ?” ಎಂದಳು. ನಾನೇ ಎಂದೋ ನಿದ್ದೆಗಣ್ಣಲ್ಲಿ ಜೋರಾಗಿ ಓದಿರಬೇಕು ಎಂದು ಹೇಳಿದೆ. ಓದಿರಲಿಲ್ಲ.

ಡಿಗ್ರಿ ಮುಗಿಸಿ ಬಿ.ಎಡ್.ಗೆ ಹೋಗುವ ಮುಂಚೆ ಒಂದು ಮಧ್ಯಾಹ್ನ ಅವರನ್ನು ನೋಡಿ ಬರಲು ಹೋಗಿದ್ದೆ. ಅಕ್ಕ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. “ಬಾ” ಎಂದಳು, “ಕಾಫಿ” ಎಂದಳು. ತಂಗಿ ಕಾಫಿ ಮಾಡಿ ತಂದು, ಹೊಸ ಮಷೀನು ಕೊಳ್ಳುವ ಮಾತು, ಬೀದಿಯ ಮಾತು, ಎಲ್ಲ ಹೇಳಿದಳು. ನಾನು ತಲೆಯಾಡಿಸುತ್ತಾ, ನಗುತ್ತಾ, ಬೇಕಾದಲ್ಲಿ ಕೈಸನ್ನೆ ಮಾಡುತ್ತಾ ಕಾಫಿ ಮುಗಿಸಿದೆ. ಅಕ್ಕ ಅಕ್ಕಿಯ ಮೊರ ಕೆಳಗಿಟ್ಟು ನನ್ನ ಬಾಯಿಯ ಕಡೆಗೇ ನೋಡುತ್ತಿದ್ದಳು, ಆ ಮೊದಲ ಭಾನುವಾರ ನೋಡಿದ ಹಾಗೆಯೇ.

ಹೊರಡುವಾಗ ತಂಗಿ ಗೇಟಿನವರೆಗೆ ಬಂದಳು. “ಯಾಕಮ್ಮ, ಬಂದಾಗಿನಿಂದ ಒಂದು ಮಾತೂ ಆಡ್ಲಿಲ್ಲ? ಗಂಟಲು ನೋವಾ?” ಎಂದಳು.

ನಾನು ಹೌದೆಂದು ಸುಳ್ಳಿಗೇ ಗಂಟಲು ಮುಟ್ಟಿ ತೋರಿಸಿ, ಬಸ್ಸಿಗೆ ಹೊತ್ತಾಯಿತೆಂದು ಕೈಯಲ್ಲೇ ಹೇಳಿ, ಬಿಸಿಲಿಗೆ ಇಳಿದೆ.